ಚಟಚಟ ಎನ್ನುವ ಕಲ್ಲು

ಆ ಕೂಸು ಹುಟ್ಟಿದಾಗ 1,240 ಗ್ರಾಂ ತೂಗಿತ್ತು. 1988ರ ನವೆಂಬರ್, ರಾತ್ರಿ ಎರಡೂವರೆ ದಾಟಿತ್ತು. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಹೋದ ನಾನು ನ್ಯೂಯಾರ್ಕ್ ನಗರದ ಒಂದು ಆಸ್ಪತ್ರೆಗೆ ಸೇರಿ ಐದನೇ ವರ್ಷ. ನವಜಾತ ಶಿಶುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೆರಿಗೆ ಕೋಣೆಯಿಂದ ಕರೆ ಬಂತೆಂದು ಓಡಿದರೆ ಇಪ್ಪತ್ತೆರಡರ ಹುಡುಗಿ, ಹಾಸಿಗೆ ತುಂಬ ರಕ್ತ. ದಿನ ತುಂಬಲು ಇನ್ನೂ ಹತ್ತು ವಾರ ಇರುವಾಗಲೇ ಮಾಸು ಗರ್ಭಕೋಶದಿಂದ ಕಳಚಿಕೊಂಡುಬಿಟ್ಟಿತ್ತು. ಅವಳ ಕೆಳತುಟಿಯ ಮೇಲೆ ಸುಟ್ಟ ಬೊಬ್ಬೆ. ಲೈಟರಿನ ಚಕ್ರ ತಿರುಗಿಸಿ ತಿರುಗಿಸಿ ಹೆಬ್ಬೆರಳ ತುದಿ ಕರಿಗಟ್ಟಿ ಗಡುಸಾಗಿತ್ತು. ಆ ತುಟಿ, ಆ ಬೆರಳು ನೋಡಿದ ಮೇಲೆ ಏನು ಸೇದಿದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಬೆಳಿಗ್ಗೆ ಕೂಸಿನ ಅಜ್ಜಿ ಬಂದರು. ಅರವತ್ತು ದಾಟಿದ ಕಪ್ಪು ಹೆಂಗಸು. ಹುಡುಗಿಯಾಗಿದ್ದಾಗ ಸೌತ್ ಕೆರೋಲಿನಾದ ಹತ್ತಿಹೊಲ ಬಿಟ್ಟು ಅಪ್ಪ ಅಮ್ಮನ ಜೊತೆ ಉತ್ತರಕ್ಕೆ ಬಂದವರು, ಜೀವಮಾನವೆಲ್ಲ ಯಾರ್ಯಾರದೋ ಮನೆಗಳಲ್ಲಿ ಇಸ್ತ್ರಿ ಹಾಕಿದವರು. ಕೈಯಲ್ಲಿ ಹಳದಿ ಉಲ್ಲನ್ನಿನ ಒಂದು ಟೋಪಿ. ಅದು ಕಿತ್ತಳೆಹಣ್ಣಿಗೆ ಹೊಂದುವಷ್ಟು ಸಣ್ಣದಿತ್ತು. ಗಾಜಿನ ಪೆಟ್ಟಿಗೆಯೊಳಗೆ ಕೂಸು ನಡುಗುತ್ತಿತ್ತು. ಆಕೆ ಬಹಳ ಹೊತ್ತು ನೋಡಿ, "ಡಾಕ್ಟರ್, ಇದರ ತಲೆ ಸರಿಯಾಗಿ ಬೆಳೆಯುತ್ತದಾ?" ಎಂದು ಕೇಳಿದರು. ನಾನು ನೇರವಾಗಿ ಉತ್ತರ ಕೊಡಲಿಲ್ಲ. ಅದಕ್ಕೆ ಮೊದಲೇ, ಅಲ್ಲಿನ ರೂಢಿಯಂತೆ, ಕೂಸಿನ ಕಡತದ ಮೇಲೆ ಎರಡು ಪದ ಬರೆದಿಟ್ಟಿದ್ದೆ: ಕ್ರ್ಯಾಕ್ ಬೇಬಿ.

ಆ ಎರಡು ಪದಗಳ ಚರಿತ್ರೆಯನ್ನು ನಾನು ಆಮೇಲೆ ಇಡೀ ಬಾಳು ಓದಬೇಕಾಯಿತು.

ಕ್ರ್ಯಾಕ್ ಎನ್ನುವುದು ಸದ್ದಿನ ಹೆಸರು. ಗಾಜಿನ ಕೊಳವೆಯ ತುದಿಗೆ ಬೆಂಕಿ ತಾಗಿದಾಗ ಒಳಗಿನ ಕೊಕೇನ್ ಹರಳು ಹಸಿ ಕಡ್ಡಿಯಂತೆ ಚಟಚಟ ಎನ್ನುತ್ತದೆ. ನಮ್ಮ ಭಾಷೆಯಲ್ಲಿ ಸಿಡಿಯುವ ಸದ್ದಿಗೂ ಬಿಡಲಾಗದ ಅಭ್ಯಾಸಕ್ಕೂ ಇರುವುದು ಒಂದೇ ಪದ. ಚಟ ಚಟ್ಟ ಹತ್ತಿಸುತ್ತದೆ ಎಂದು ನಮ್ಮ ಮನೆಯಲ್ಲಿ ದೊಡ್ಡವರು ಹೇಳುತ್ತಿದ್ದದ್ದು ಆ ವಾರ್ಡಿನಲ್ಲಿ ನನಗೆ ಎಷ್ಟು ಸಲ ನೆನಪಾಯಿತೋ. ಬೀದಿಯಲ್ಲಿ ಮಾತ್ರ ಅದಕ್ಕೆ ಕಲ್ಲು ಎಂದೇ ಹೆಸರು. ಕಡಲೆಕಾಳಿನಷ್ಟು, ಸುಣ್ಣದ ಚೂರಿನ ಬಣ್ಣದ ಕಲ್ಲು.

ಸುಣ್ಣ ಎಂದದ್ದು ಸುಮ್ಮನೆ ಅಲ್ಲ. ನಮ್ಮಮ್ಮ ಊಟವಾದ ಮೇಲೆ ಎಲೆ ಅಡಿಕೆ ತಟ್ಟೆ ಎಳೆದುಕೊಂಡು, ವೀಳ್ಯದೆಲೆಯ ತೊಟ್ಟು ಮುರಿದು, ಬೆರಳ ತುದಿಯಲ್ಲಿ ಸುಣ್ಣ ಸವರುತ್ತಿದ್ದ ಹಾಗೆಯೇ ಆಂಡೀಸ್ ಪರ್ವತದ ಜನ ಸಾವಿರಾರು ವರ್ಷಗಳಿಂದ ಕೋಕಾ ಗಿಡದ ಎಲೆಯನ್ನು ಸುಣ್ಣದ ಜೊತೆ, ಇಲ್ಲವೇ ಬೂದಿಯ ಉಂಡೆಯ ಜೊತೆ ದವಡೆಗೆ ಒತ್ತಿಕೊಂಡು ಬಂದಿದ್ದಾರೆ. ಎಲೆಯಲ್ಲಿರುವ ಸತ್ವ ಆಮ್ಲದ ಜೊತೆ ಕೂಡಿಕೊಂಡು ಬಿಗಿಯಾಗಿರುತ್ತದೆ. ಕ್ಷಾರ ಸೋಕಿದರೆ ಬಿಡುಗಡೆಯಾಗಿ ಬಾಯಿಯ ಒಳಚರ್ಮಕ್ಕೆ ಇಳಿಯುತ್ತದೆ. ಅಡಿಕೆಗೆ ಸುಣ್ಣ ಬೇಕಾಗುವುದೂ ಇದಕ್ಕೇ. ಎಲೆಯಲ್ಲಿ ಕೊಕೇನ್ ಇರುವುದು ನೂರಕ್ಕೆ ಒಂದು ಪಾಲಿನ ಆಸುಪಾಸು. ಅದು ನಿಧಾನ ಇಳಿಯುತ್ತದೆ, ಹಸಿವು ದಣಿವು ಮರೆಸುತ್ತದೆ, ಎತ್ತರದ ಚಳಿಯಲ್ಲಿ ಹೊರೆ ಹೊರುವವರಿಗೆ ಒತ್ತಾಸೆಯಾಗುತ್ತದೆ. ಸ್ಪೇನಿನವರು ಮೊದಲು ಇದನ್ನು ಸೈತಾನನ ಎಲೆ ಎಂದು ಬೈದರು. ಪೊಟೊಸಿಯ ಬೆಳ್ಳಿಗಣಿಗಳಲ್ಲಿ ಎಲೆಯಿಲ್ಲದೆ ಆಳು ದುಡಿಯುವುದಿಲ್ಲ ಎಂದು ಕಂಡಮೇಲೆ ಅದಕ್ಕೇ ಸುಂಕ ಹಾಕಿ ಹಣ ಮಾಡಿದರು.

ಎಲೆಯಿಂದ ಸತ್ವವನ್ನು ಬೇರ್ಪಡಿಸಿ ಕೊಕೇನ್ ಎಂದು ಹೆಸರಿಟ್ಟವನು ಜರ್ಮನಿಯ ಗಟಿಂಗೆನ್‌ನ ವಿದ್ಯಾರ್ಥಿ ಆಲ್ಬರ್ಟ್ ನೀಮನ್. ಅವನ ಪ್ರಬಂಧ ಬಂದದ್ದು 1860ರಲ್ಲಿ. ಅಲ್ಲಿಂದ ಇಪ್ಪತ್ತೈದು ವರ್ಷ ಯೂರೋಪು ಅಮೆರಿಕಗಳು ಇದನ್ನು ಅಮೃತದಂತೆ ಕಂಡವು. ಫ್ರಾನ್ಸಿನಲ್ಲಿ ಮರಿಯಾನಿ ಎಂಬಾತ ಕೋಕಾ ಬೆರೆಸಿದ ದ್ರಾಕ್ಷಾರಸ ಮಾರಿದ. ಅಟ್ಲಾಂಟಾದಲ್ಲಿ ಪೆಂಬರ್ಟನ್ 1886ರಲ್ಲಿ ಕೋಕಾ-ಕೋಲಾ ಕಲಸಿದ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕಣ್ಣಿಗೆ ಕೊಕೇನ್ ಹನಿ ಬಿಟ್ಟರೆ ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಬಹುದು ಎಂದು ತೋರಿಸಿದ. ಅದು ನಿಜಕ್ಕೂ ದೊಡ್ಡ ಉಪಕಾರ. ಅದೇ ವರ್ಷ ಅದೇ ಊರಿನ ಸಿಗ್ಮಂಡ್ ಫ್ರಾಯ್ಡ್ ಕೋಕಾವನ್ನು ಹೊಗಳಿ ಬರೆದ, ಮಾರ್ಫಿನ್ ಚಟಕ್ಕೆ ಸಿಕ್ಕಿದ್ದ ತನ್ನ ಗೆಳೆಯ ಫ್ಲೈಷ್ಲ್‌ನಿಗೆ ಇದನ್ನೇ ಮದ್ದಾಗಿ ಸೂಚಿಸಿದ. ಆ ಗೆಳೆಯನಿಗೆ ಒಂದು ಚಟ ಹೋಗಿ ಎರಡಾದವು. ಮೈಮೇಲೆ ಬಿಳಿ ಹಾವುಗಳು ಹರಿಯುತ್ತಿವೆ ಎಂದು ನರಳುತ್ತಿದ್ದ. 1891ರಲ್ಲಿ ಸತ್ತ. ನೂರು ವರ್ಷದ ಮೇಲೆ ನಮ್ಮ ತುರ್ತು ಚಿಕಿತ್ಸಾ ವಿಭಾಗದಲ್ಲಿ ಹುಡುಗರು ಚರ್ಮದಡಿ ಹುಳ ಹರಿಯುತ್ತಿದೆ ಎಂದು ತೋಳನ್ನು ರಕ್ತ ಬರುವಂತೆ ಕೆರೆದುಕೊಳ್ಳುವುದನ್ನು ನೋಡುವಾಗ ನನಗೆ ಆ ವಿಯೆನ್ನಾದ ರೋಗಿಯ ನೆನಪಾಗುತ್ತಿತ್ತು.

ನಮ್ಮ ದೇಶಕ್ಕೂ ಕೊಕೇನ್ ಬಂದಿತ್ತು ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ, ಗ್ರಂಥಾಲಯದಲ್ಲಿ ಏನೋ ಹುಡುಕುವಾಗ. 1902ರಲ್ಲಿ ಕಲ್ಕತ್ತದ ವೈದ್ಯ ಕೈಲಾಸ್ ಚಂದ್ರ ಬೋಸ್ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಕೊಕೇನ್ ಚಟದ ಬಗ್ಗೆ ಬರೆದಿದ್ದರು. ಭಾರತೀಯ ಔಷಧ ವಿಜ್ಞಾನಕ್ಕೆ ತಳಪಾಯ ಹಾಕಿದ ರಾಮನಾಥ್ ಚೋಪ್ರಾ 1931ರಲ್ಲಿ ಅದೇ ವಿಷಯ ಎತ್ತಿಕೊಂಡರು. ಕಲ್ಕತ್ತ, ಮುಂಬಯಿ, ದೆಹಲಿಯ ಗಲ್ಲಿಗಳಲ್ಲಿ ಜನ ಕೊಕೇನ್ ಪುಡಿಯನ್ನು ಮೂಗಿಗೆ ಏರಿಸುತ್ತಿರಲಿಲ್ಲ. ಸುಣ್ಣ ಸವರಿದ ವೀಳ್ಯದೆಲೆಯಲ್ಲಿಟ್ಟು ಅಗಿಯುತ್ತಿದ್ದರು. ಆಂಡೀಸ್‌ನ ಉಪಾಯ ಇಲ್ಲಿ ತನ್ನಷ್ಟಕ್ಕೆ ಮತ್ತೆ ಹುಟ್ಟಿತ್ತು. ಅಲ್ಲಿ ಸುಣ್ಣ, ಇಲ್ಲಿ ಸುಣ್ಣ, ನ್ಯೂಯಾರ್ಕಿನ ಅಡುಗೆಮನೆಗಳಲ್ಲಿ ಇಡ್ಲಿ ದೋಸೆಗೆ ಹಾಕುವ ಸೋಡಾ. ಮೂರೂ ಕ್ಷಾರವೇ. ವ್ಯತ್ಯಾಸ ಇರುವುದು ಮುಂದೆ ಅದು ದೇಹದೊಳಗೆ ಹೋಗುವ ದಾರಿಯಲ್ಲಿ. ಪುಡಿ ಕೊಕೇನನ್ನು ಬೆಂಕಿಗೆ ಹಿಡಿದರೆ ಹಾಳಾಗುತ್ತದೆ. ಕ್ಷಾರದಿಂದ ಬಿಡಿಸಿದ ಕಲ್ಲು ಕಡಿಮೆ ಶಾಖಕ್ಕೇ ಹಬೆಯಾಗುತ್ತದೆ, ಹಬೆ ಶ್ವಾಸಕೋಶಕ್ಕೆ ಹೋಗುತ್ತದೆ, ಅಲ್ಲಿಂದ ಹತ್ತು ಸೆಕೆಂಡು ತುಂಬುವ ಮುಂಚೆ ಮಿದುಳಿಗೆ.

ಆ ಹತ್ತು ಸೆಕೆಂಡಿನಲ್ಲೇ ಎಲ್ಲ ಇದೆ. ಮಿದುಳಿನಲ್ಲಿ ಸುಖದ ಸುದ್ದಿ ಒಯ್ಯುವ ಡೋಪಮೈನ್ ಎಂಬ ರಸ ಕೆಲಸ ಮುಗಿದ ಕೂಡಲೇ ತನ್ನ ಗೂಡಿಗೆ ಮರಳಬೇಕು. ಕೊಕೇನ್ ಆ ಗೂಡಿನ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ರಸ ಹೊರಗೇ ಉಳಿದು ಉಕ್ಕುತ್ತದೆ. ಮೆಲ್ಲಗೆ ಉಕ್ಕಿದರೆ ಮಿದುಳು ಹೇಗೋ ತಾಳಿಕೊಳ್ಳುತ್ತದೆ. ಒಮ್ಮೆಗೇ ಉಕ್ಕಿದರೆ ಆ ಏರುವಿಕೆಯನ್ನೇ ಅದು ಕಲಿತುಬಿಡುತ್ತದೆ. ಐದು ಹತ್ತು ನಿಮಿಷಕ್ಕೆ ಎಲ್ಲ ಇಳಿದು, ಮೊದಲಿಗಿಂತ ಕೆಳಗೆ ಬಿದ್ದ ಹಾಗಾಗುತ್ತದೆ. ಆಗ ಇನ್ನೊಂದು ಕಲ್ಲು. ಎರಡು ಮೂರು ದಿನ ನಿದ್ದೆಯಿಲ್ಲ, ಊಟವಿಲ್ಲ. ಹೀಗೆ ನಡೆಸಿ ಬಂದವರ ಕೆನ್ನೆಯ ಮೂಳೆಗಳು ವಾರದಲ್ಲಿ ಎದ್ದು ಕಾಣುತ್ತಿದ್ದವು. ಕಿಟಕಿಯ ಆಚೆ ಯಾರೋ ಹೊಂಚುತ್ತಿದ್ದಾರೆ ಎಂಬ ಭಯ. ಇದರ ಜೊತೆಗೆ ರಕ್ತನಾಳಗಳು ಬಿಗಿದು ಮುದುಡಿಕೊಳ್ಳುತ್ತವೆ, ಹೃದಯ ಮಾತ್ರ ಓಟ ಕಿತ್ತಿರುತ್ತದೆ. ಇಪ್ಪತ್ತೆಂಟು ವರ್ಷದವನಿಗೆ ಹೃದಯಾಘಾತ, ಮೂವತ್ತರವಳಿಗೆ ಪಾರ್ಶ್ವವಾಯು. ಊರಲ್ಲಿ ಓದುವಾಗ ಇಂಥವು ಮುದುಕರ ಕಾಯಿಲೆ ಎಂದು ಕಲಿತು ಬಂದಿದ್ದೆ. ಬಿಸಿ ಹಬೆಯಿಂದ ಶ್ವಾಸಕೋಶ ಹುಣ್ಣಾಗಿ ರಕ್ತ ಕೆಮ್ಮುವವರು ಬೇರೆ.

ಬಸುರಿಯಲ್ಲಿ ಇದೇ ಮುದುಡುವಿಕೆ ಗರ್ಭಕೋಶದ ನಾಳಗಳಲ್ಲಿ ಆಗುತ್ತದೆ. ಮಾಸಿಗೆ ರಕ್ತ ಸಾಲದೆ ಮಗು ಬಡವಾಗುತ್ತದೆ. ಒತ್ತಡ ಒಮ್ಮೆಗೇ ಏರಿದರೆ ಮಾಸೇ ಕಳಚುತ್ತದೆ, ಆ ನವೆಂಬರ್ ರಾತ್ರಿ ಆದ ಹಾಗೆ. ದಿನ ತುಂಬದ ಹೆರಿಗೆ, ಕಡಿಮೆ ತೂಕ, ಸ್ವಲ್ಪ ಸಣ್ಣ ತಲೆ: ಇವು ನಿಜವಾದ ಹಾನಿಗಳು, ನನ್ನ ಅಳತೆ ಟೇಪಿನಿಂದಲೇ ಅಳೆದಿದ್ದೇನೆ. ಕಲ್ಲಿಗಾಗಿ ಮೈ ಮಾರಿಕೊಂಡ ಹುಡುಗಿಯರಿಂದ ಸಿಫಿಲಿಸ್ ಆ ನಗರದಲ್ಲಿ ಮತ್ತೆ ಹಬ್ಬಿತ್ತು. ಪಠ್ಯಪುಸ್ತಕದಲ್ಲಿ ಮಾತ್ರ ನೋಡಿದ್ದ ಜನ್ಮಜಾತ ಸಿಫಿಲಿಸ್ ನಮ್ಮ ತೊಟ್ಟಿಲುಗಳಿಗೆ ಬಂತು. ಏಡ್ಸ್ ಕೂಡ ಅದರ ಜೊತೆಗಿತ್ತು. ಈ ಹೊಗೆ ಅಷ್ಟೇನೂ ಕೆಟ್ಟದ್ದಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ.

ಈ ಕಲ್ಲು ಆ ನಗರಕ್ಕೇ ಏಕೆ ಬಂತು? 1970ರ ದಶಕದಲ್ಲಿ ನ್ಯೂಯಾರ್ಕ್ ದಿವಾಳಿಯ ಅಂಚಿಗೆ ಹೋಗಿತ್ತು. ಕಾರ್ಖಾನೆಗಳು ಮುಚ್ಚಿದ್ದವು, ಸೌತ್ ಬ್ರಾಂಕ್ಸ್‌ನಲ್ಲಿ ಬೀದಿಗೆ ಬೀದಿಯೇ ಸುಟ್ಟು ಹೋಗಿತ್ತು. 1980ರಲ್ಲಿ ಹಾರ್ಲೆಮ್‌ನ ಸಿಡೆನ್‌ಹ್ಯಾಮ್ ಆಸ್ಪತ್ರೆಯನ್ನು ಖರ್ಚು ಉಳಿಸಲೆಂದು ಮುಚ್ಚಿದರು. ಜನ ಬೀದಿಗಿಳಿದು ಪ್ರತಿಭಟಿಸಿದರೂ ಉಳಿಯಲಿಲ್ಲ. ಅದೇ ಹೊತ್ತಿಗೆ ಕೊಲಂಬಿಯಾದಿಂದ ಕೊಕೇನ್ ಬಂದು ಸುರಿದು ಬೆಲೆ ಕುಸಿಯಿತು. ಪುಡಿ ಶ್ರೀಮಂತರ ವಸ್ತು, ಗ್ರಾಂ ಲೆಕ್ಕದಲ್ಲಿ ಮಾರುತ್ತಿದ್ದದ್ದು. ಕಲ್ಲು ಮಾಡಿದರೆ ಹತ್ತು ಡಾಲರಿಗೆ, ಐದಕ್ಕೆ, ಆಮೇಲೆ ಇನ್ನೂ ಕಡಿಮೆಗೆ ಬಿಡಿಬಿಡಿಯಾಗಿ ಮಾರಬಹುದು, ಬೀಡಿ ಅಂಗಡಿಯಲ್ಲಿ ಒಂಟಿ ಸಿಗರೇಟು ಮಾರುವ ಹಾಗೆ. ಈ ವ್ಯಾಪಾರದ ಜಾಣತನವೇ ಕ್ರ್ಯಾಕ್; ರಸಾಯನ ಹಳೆಯದು. ನ್ಯೂಯಾರ್ಕಿನ ದೊಡ್ಡ ಪತ್ರಿಕೆಯಲ್ಲಿ ಆ ಹೆಸರು ಮೊದಲು ಅಚ್ಚಾದದ್ದು 1985ರ ನವೆಂಬರ್‌ನಲ್ಲಿ. ಒಂದೇ ವರ್ಷದಲ್ಲಿ ಪ್ಲಾಸ್ಟಿಕ್‌ನ ಪುಟ್ಟ ಶೀಶೆಗಳು, ಕೆಂಪು ನೀಲಿ ಹಳದಿ ಮುಚ್ಚಳದವು, ಆಸ್ಪತ್ರೆಯ ಮೆಟ್ಟಿಲ ಮೇಲೆ ಕಾಲಿಗೆ ಸಿಕ್ಕಿ ಪಟಪಟ ಒಡೆಯುತ್ತಿದ್ದವು. ಮೂಲೆ ಅಂಗಡಿಗಳಲ್ಲಿ ಬೆರಳುದ್ದದ ಗಾಜಿನ ಕೊಳವೆಯೊಳಗೆ ಬಟ್ಟೆಯ ಗುಲಾಬಿ ಇಟ್ಟು ಮಾರುತ್ತಿದ್ದರು. ಮೊದಲ ಸಲ ಕಂಡಾಗ ನಾನು ಚೆಂದವಾಗಿದೆ ಎಂದು ಒಂದು ಕೊಂಡುಕೊಳ್ಳಲು ಹೋಗಿದ್ದೆ. ಜೊತೆಯಲ್ಲಿದ್ದ ಜಮೈಕಾದ ನರ್ಸ್ ಕೈ ಹಿಡಿದು ನಿಲ್ಲಿಸಿ, ಹೂವಿಗಾಗಿ ಅದನ್ನು ಯಾರೂ ಕೊಳ್ಳುವುದಿಲ್ಲ ಎಂದಳು.

ಮಾರುವ ಮೂಲೆಗಾಗಿ ಹುಡುಗರು ಹುಡುಗರನ್ನು ಕೊಂದರು. 1990ರ ಒಂದೇ ವರ್ಷ ನ್ಯೂಯಾರ್ಕ್ ನಗರದಲ್ಲಿ 2,200ಕ್ಕೂ ಹೆಚ್ಚು ಕೊಲೆಗಳಾದವು. ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ, ಹಾರ್ಲೆಮ್ ನದಿಯ ಪಕ್ಕದ ಹೆದ್ದಾರಿಗೆ ಕಾಣುವಂತೆ, ಚೆಂಡಾಟದ ಅಂಗಳದ ಗೋಡೆಯೊಂದರ ಮೇಲೆ ಕೀತ್ ಹೇರಿಂಗ್ ಎಂಬ ಕಲಾವಿದ 1986ರಲ್ಲಿ ಕಿತ್ತಳೆ ಬಣ್ಣ ಬಳಿದು ಕ್ರ್ಯಾಕ್ ವಿರುದ್ಧ ದೊಡ್ಡ ಚಿತ್ರ ಬರೆದಿದ್ದ. ತನ್ನ ಸಹಾಯಕನೇ ಚಟಕ್ಕೆ ಬಿದ್ದದ್ದು ನೋಡಲಾರದೆ, ಯಾರ ಅಪ್ಪಣೆಯನ್ನೂ ಕೇಳದೆ ಬರೆದದ್ದು. ನಗರದವರು ದಂಡ ಹಾಕಿದರು. ಆಮೇಲೆ ಅವನೇ ಮತ್ತೆ ಬರೆದ. ಅದು ಇವತ್ತಿಗೂ ಇದೆ.

ಈಗ ಆ ಎರಡು ಪದಗಳಿಗೆ ಬರುತ್ತೇನೆ.

1985ರ ಸೆಪ್ಟೆಂಬರ್‌ನಲ್ಲಿ ಷಿಕಾಗೊದ ವೈದ್ಯ ಐರಾ ಚಾಸ್ನಾಫ್ ಒಂದು ಲೇಖನ ಪ್ರಕಟಿಸಿದರು. ಕೊಕೇನ್ ಬಳಸಿದ್ದ 23 ತಾಯಂದಿರು, ಅವರ ಶಿಶುಗಳು. ಶಿಶುಗಳು ಸುತ್ತಲಿನವರಿಗೆ ಸರಿಯಾಗಿ ಸ್ಪಂದಿಸುವುದಿಲ್ಲ ಎಂದು ಕಂಡಿತ್ತು. 23 ಜನರ ಮೇಲಿನ ಆರಂಭದ ಗಮನಿಕೆ ಅದು. ಮಕ್ಕಳು ದೊಡ್ಡವರಾಗಿ ಏನಾಗುತ್ತಾರೆ ಎಂದು ಅದರಲ್ಲಿ ಹೇಳಲು ಸಾಧ್ಯವೇ ಇರಲಿಲ್ಲ. ಆದರೆ ಟಿ.ವಿ.ಗೆ ನಡುಗುವ ಕೂಸು ಸಿಕ್ಕಿಬಿಟ್ಟಿತು. ಮೂರು ವರ್ಷದ ಮೇಲೆ ಕೆಲವು ಆಸ್ಪತ್ರೆಗಳ ಸಮೀಕ್ಷೆಯಿಂದ ಎಲ್ಲ ಬಗೆಯ ಮಾದಕಗಳನ್ನೂ ಸೇರಿಸಿ ಅಂದಾಜಿಸಿದ 3,75,000 ಎಂಬ ಅಂಕಿ, ಬಾಯಿಂದ ಬಾಯಿಗೆ ಹೋಗುತ್ತಾ ವರ್ಷಕ್ಕೆ ಅಷ್ಟು ಕ್ರ್ಯಾಕ್ ಶಿಶುಗಳು ಎಂದಾಯಿತು. 1989ರಲ್ಲಿ ಚಾರ್ಲ್ಸ್ ಕ್ರೌತಾಮರ್ ಎಂಬ ಹೆಸರಾಂತ ಅಂಕಣಕಾರ, ಹುಟ್ಟಿನಿಂದಲೇ ಕೆಟ್ಟುಹೋದ ಒಂದು ಕೀಳುವರ್ಗ ತಯಾರಾಗುತ್ತಿದೆ ಎಂಬರ್ಥದಲ್ಲಿ ಬರೆದರು. ಅವರು ವೈದ್ಯಕೀಯ ಓದಿದವರು. ನಾನೂ ಓದಿದವಳೇ. ಅದಕ್ಕೇ ನನಗೆ ಇದು ಹೆಚ್ಚು ಚುಚ್ಚುತ್ತದೆ.

ನಡುಕದ ವಿಷಯ ಹೇಳಬೇಕು. ಹತ್ತು ವಾರ ಮುಂಚೆ ಹುಟ್ಟಿದ ಯಾವ ಕೂಸಾದರೂ ನಡುಗುತ್ತದೆ. ಅದರ ನರಗಳಿಗೆ ಇನ್ನೂ ಹೊದಿಕೆ ಪೂರ್ತಿ ಬಂದಿರುವುದಿಲ್ಲ. ಬೆಳಕು ತಾಗಿದರೆ, ತಟ್ಟೆ ಬಿದ್ದ ಸದ್ದಾದರೆ ಕೈ ಚೆಲ್ಲಿ ಬೆಚ್ಚುತ್ತದೆ. ಪಕ್ಕದ ಪೆಟ್ಟಿಗೆಯಲ್ಲಿ ಬ್ಯಾಂಕ್ ಅಧಿಕಾರಿಯ ಮಗು ಹಾಗೆಯೇ ನಡುಗುತ್ತಿತ್ತು. ಅದರ ಕಡತದ ಮೇಲೆ ದಿನ ತುಂಬದ ಶಿಶು ಎಂದಷ್ಟೇ ಇತ್ತು. ಆ ಬ್ಯಾಂಕ್ ಅಧಿಕಾರಿಯ ಹೆಂಡತಿಯ ಮೂತ್ರವನ್ನು ಯಾರೂ ಪರೀಕ್ಷೆಗೆ ಕಳಿಸಿರಲಿಲ್ಲ. ಕಪ್ಪು ತಾಯಂದಿರದ್ದು ಕೇಳದೆಯೇ ಹೋಗುತ್ತಿತ್ತು. ಇದು ನನಗೆ ಹೊಳೆದದ್ದು ಕೆಲಸಕ್ಕೆ ಸೇರಿ ಐದಾರು ವರ್ಷವಾದ ಮೇಲೆ, ಒಂದು ರಾತ್ರಿ ಎರಡು ಕಡತಗಳನ್ನು ಅಕ್ಕಪಕ್ಕ ಇಟ್ಟು ಬರೆಯುವಾಗ. ಪೆನ್ನು ಕೆಳಗಿಟ್ಟೆ. ಅವತ್ತಿನಿಂದ ಆ ಎರಡು ಪದ ಬರೆಯಲಿಲ್ಲ. ಆದರೆ ಮೊದಲು ಬರೆದವು ಎಷ್ಟೋ ಇದ್ದವು, ಮತ್ತು ಕಡತ ಮಗುವಿನ ಹಿಂದೆ ಶಾಲೆಯ ತನಕ ಹೋಗುತ್ತದೆ.

ಹೆಸರು ಬಿದ್ದ ಮಗುವನ್ನು ಎತ್ತಿಕೊಳ್ಳುವವರು ಕಡಿಮೆಯಾದರು. ದತ್ತು ಕೇಳಿ ಬಂದವರು ಕಡತ ನೋಡಿ ಹಿಂದೆ ಸರಿಯುತ್ತಿದ್ದರು. ಕಾಯಿಲೆ ವಾಸಿಯಾದರೂ ಮನೆಯಿಲ್ಲದೆ ಆಸ್ಪತ್ರೆಯಲ್ಲೇ ಉಳಿದ ಕೂಸುಗಳಿಗೆ ಆಗ ನ್ಯೂಯಾರ್ಕಿನಲ್ಲಿ ಬೋರ್ಡರ್ ಬೇಬಿ ಎಂದು ಇನ್ನೊಂದು ಹೆಸರು. ನಮ್ಮಲ್ಲಿ ಒಂದು ಗಂಡುಮಗು ತೊಟ್ಟಿಲ ಸರಳು ಹಿಡಿದು ನಿಲ್ಲುವುದನ್ನು ವಾರ್ಡಿನಲ್ಲೇ ಕಲಿಯಿತು. ರಾತ್ರಿ ಪಾಳಿಯವರು ಸರದಿಯಲ್ಲಿ ಅದನ್ನು ಸೊಂಟದ ಮೇಲಿಟ್ಟುಕೊಂಡು ಕಡತ ಬರೆಯುತ್ತಿದ್ದೆವು. ಹಾರ್ಲೆಮ್‌ನಲ್ಲಿ ಕ್ಲಾರಾ ಹೇಲ್ ಎಂಬ ತಾಯಿ ಇದ್ದರು. ಚಟಕ್ಕೆ ಬಿದ್ದ ತಾಯಂದಿರ ಮಕ್ಕಳನ್ನು 1969ರಿಂದ ತಮ್ಮ ಮನೆಯಲ್ಲೇ ಸಾಕಿದವರು. ಅವರ ಮದ್ದು ಎತ್ತಿಕೊಳ್ಳುವುದು, ತೂಗುವುದು, ಮಾತಾಡಿಸುವುದು. ಅಧ್ಯಕ್ಷ ರೇಗನ್ 1985ರ ತಮ್ಮ ಭಾಷಣದಲ್ಲಿ ಅವರನ್ನು ಕೊಂಡಾಡಿದರು. ಮರುವರ್ಷ ಅದೇ ಅಧ್ಯಕ್ಷರು ಒಂದು ಕಾನೂನಿಗೆ ಸಹಿ ಹಾಕಿದರು.

1986ರ ಜೂನ್ 17ರಂದು ಲೆನ್ ಬಯಸ್ ಎಂಬ ಬ್ಯಾಸ್ಕೆಟ್‌ಬಾಲ್ ಹುಡುಗನನ್ನು ಬಾಸ್ಟನ್ ತಂಡ ಆರಿಸಿಕೊಂಡಿತು. ಎರಡು ದಿನದ ಮೇಲೆ ಅವನು ಕೊಕೇನಿನಿಂದ ಹೃದಯ ನಿಂತು ಸತ್ತ. ಅವನು ತೆಗೆದುಕೊಂಡದ್ದು ಪುಡಿ. ದೇಶ ಮಾತ್ರ ಕ್ರ್ಯಾಕ್ ಎಂದು ನಂಬಿತು. ಕೆಲವೇ ತಿಂಗಳಲ್ಲಿ ಬಂದ ಆ ಕಾನೂನಿನ ಪ್ರಕಾರ ಮಾರಲು ಇಟ್ಟುಕೊಂಡ 5 ಗ್ರಾಂ ಕ್ರ್ಯಾಕಿಗೆ ಕನಿಷ್ಠ ಐದು ವರ್ಷ ಜೈಲು. ಪುಡಿ ಕೊಕೇನಿನಲ್ಲಿ ಅದೇ ಶಿಕ್ಷೆ ಆಗಬೇಕಾದರೆ 500 ಗ್ರಾಂ ಇರಬೇಕು. ಒಂದೇ ವಸ್ತು, ನಡುವೆ ಒಂದು ಚಿಟಿಕೆ ಸೋಡಾ, ತೂಕದಲ್ಲಿ ಅಂತರ ನೂರು ಪಟ್ಟು. 1988ರಲ್ಲಿ ಮಾರದಿದ್ದರೂ ಕ್ರ್ಯಾಕ್ ಬಳಿ ಇದ್ದರೆ ಸಾಕು ಎಂದು ಬಿಗಿ ಮಾಡಿದರು. ಸಮೀಕ್ಷೆಗಳಲ್ಲಿ ಕ್ರ್ಯಾಕ್ ಸೇದಿದ್ದೇವೆ ಎಂದು ಹೇಳಿದವರಲ್ಲಿ ಬಿಳಿಯರೇ ಹೆಚ್ಚು. ಆದರೆ ಕೇಂದ್ರ ಕಾನೂನಿನಡಿ ಶಿಕ್ಷೆಯಾದವರಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಮಂದಿ ಕಪ್ಪು ಜನ. 1989ರ ಸೆಪ್ಟೆಂಬರ್ 5ರಂದು ಅಧ್ಯಕ್ಷ ಬುಷ್ ಟಿ.ವಿ.ಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಎತ್ತಿ ತೋರಿಸಿ, ಇದು ಶ್ವೇತಭವನದ ಎದುರಿನ ಉದ್ಯಾನದಲ್ಲೇ ಸಿಕ್ಕಿದ್ದು ಎಂದರು. ಆ ಮಾರಾಟಗಾರ ಹುಡುಗನನ್ನು ಅಲ್ಲಿಗೆ ಬರುವಂತೆ ಪುಸಲಾಯಿಸಿದವರು ಸರ್ಕಾರದ ಏಜೆಂಟರೇ ಎಂದು ಆಮೇಲೆ ಪತ್ರಿಕೆಗಳು ಬರೆದವು. ನೂರಕ್ಕೆ ಒಂದರ ಈ ಅಳತೆ 2010ರವರೆಗೆ ನಡೆಯಿತು. ಈಗ ಹದಿನೆಂಟಕ್ಕೆ ಒಂದು. ಹದಿನೆಂಟು ಯಾಕೆ ಎಂದು ರಸಾಯನ ಶಾಸ್ತ್ರದಲ್ಲಿ ಉತ್ತರವಿಲ್ಲ.

ಅಜ್ಜಿಯ ತವರು ಸೌತ್ ಕೆರೋಲಿನಾದಲ್ಲಿ ಇನ್ನೊಂದು ನಡೆಯಿತು. ಚಾರ್ಲ್ಸ್‌ಟನ್‌ನ ಸರ್ಕಾರಿ ವೈದ್ಯಕೀಯ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 1989ರಿಂದ ಬಸುರಿಯರ ಮೂತ್ರ ಪರೀಕ್ಷಿಸಿ ಕೊಕೇನ್ ಕಂಡರೆ ಪೊಲೀಸರಿಗೆ ತಿಳಿಸುತ್ತಿದ್ದರು. ಬಂಧನಕ್ಕೊಳಗಾದ 30 ಹೆಂಗಸರಲ್ಲಿ ಒಬ್ಬಳನ್ನು ಬಿಟ್ಟು ಎಲ್ಲರೂ ಕಪ್ಪು ಹೆಂಗಸರು. ಇದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ. ಅಷ್ಟರಲ್ಲಿ ದೇಶದ ಎಷ್ಟೋ ಕಡೆ ಬಸುರಿಯರು ಜೈಲಿಗೆ ಹೆದರಿ ತಪಾಸಣೆಗೇ ಬರುವುದನ್ನು ಬಿಟ್ಟಿದ್ದರು. ಮಗುವಿಗೆ ಅದಕ್ಕಿಂತ ದೊಡ್ಡ ಕೇಡಿಲ್ಲ.

ಕೂಸನ್ನು ನೋಡಲು ದಿನವೂ ಬರುತ್ತಿದ್ದ ಅಜ್ಜಿಯ ಜೊತೆ ಒಂದು ಮಧ್ಯಾಹ್ನ ಕೂತಿದ್ದೆ. ಮಗಳು ಆರು ತಿಂಗಳ ಬಸುರಿಯಾಗಿದ್ದಾಗ ತಾನೇ ಚಟ ಬಿಡಿಸುವ ಕೇಂದ್ರಗಳಿಗೆ ಹೋಗಿ ಸೇರಿಸಿಕೊಳ್ಳಿ ಎಂದು ಕೇಳಿದ್ದಳಂತೆ. ಒಂದು ಕಡೆ ಬಸುರಿಯರಿಗೆ ಜಾಗವಿಲ್ಲ ಎಂದರು. ಇನ್ನೊಂದು ಕಡೆ ಸರ್ಕಾರಿ ವಿಮೆ ನಡೆಯುವುದಿಲ್ಲ ಎಂದರು. ಮೂರನೆಯ ಕಡೆ ಹೆರಿಗೆಯಾದ ಮೇಲೆ ಬಾ ಎಂದರು. ಅಜ್ಜಿ ಜೊತೆಯಲ್ಲೇ ಬಸ್ಸಿನಲ್ಲಿ ಅಲೆದಿದ್ದರು. ನಾನು ಪೂರ್ತಿ ನಂಬಿದೆನೋ ಇಲ್ಲವೋ, ಚಟದವರ ಮಾತು ಎಂದು ಎಲ್ಲೋ ಒಂದು ಅಳುಕಿತ್ತು. ಮುಂದಿನ ವರ್ಷ ವೆಂಡಿ ಚಾವ್ಕಿನ್ ಎಂಬ ವೈದ್ಯೆ ನ್ಯೂಯಾರ್ಕ್ ನಗರದ 78 ಕೇಂದ್ರಗಳನ್ನು ವಿಚಾರಿಸಿದರು. ಬಸುರಿ, ಸರ್ಕಾರಿ ವಿಮೆ, ಕ್ರ್ಯಾಕ್ ಚಟ, ಈ ಮೂರೂ ಇದ್ದವಳಿಗೆ ಬಾಗಿಲು ಹಾಕಿದ ಕೇಂದ್ರಗಳು ನೂರಕ್ಕೆ 87. ಅಜ್ಜಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಹೆರಾಯಿನ್‌ಗೆ ಮೆಥಡೋನ್ ಇರುವಂತೆ ಕೊಕೇನಿಗೆ ಬದಲಿ ಮಾತ್ರೆಯಿಲ್ಲ. ಇರುವುದು ಮನುಷ್ಯರ ಒತ್ತಾಸೆ, ಮಾತು, ಸೇದದೆ ಕಳೆದ ಪ್ರತಿ ವಾರಕ್ಕೆ ಕೊಡುವ ಸಣ್ಣ ಬಹುಮಾನ. ಅದನ್ನು ಕೊಡಬೇಕಾದವರೇ ಬಾಗಿಲು ಹಾಕಿಕೊಂಡಿದ್ದರು.

ಆ ಕಾಲದಲ್ಲೇ ನ್ಯೂಜೆರ್ಸಿಯ ಗೆಳೆಯರ ಮನೆಯಲ್ಲಿ ಯುಗಾದಿ ಊಟ. ಒಬ್ಬಟ್ಟು ಬಡಿಸುತ್ತಾ ನನ್ನ ಕೆಲಸದ ಮಾತು ಬಂತು. ನಮ್ಮವರೇ ಒಬ್ಬರು, ಓದಿದವರು, "ಆ ಜನ ಹುಟ್ಟಾ ಹಾಗೇ ಬಿಡಿ, ಮಕ್ಕಳೂ ಹಾಗೇ ಆಗ್ತಾವೆ" ಎಂದರು. ಎಲೆಯ ತುಂಬ ಊಟವಿತ್ತು. ನಾನು ಸುಮ್ಮನಿದ್ದೆ. ಹುಟ್ಟಾ ಹಾಗೇ ಎನ್ನುವ ಮಾತನ್ನು ನಮ್ಮ ಊರಲ್ಲಿ ಯಾವ ಕೇರಿಯ ಮಕ್ಕಳ ಬಗ್ಗೆ ಕೇಳುತ್ತಾ ಬೆಳೆದೆ ಎಂಬುದು ನನಗೆ ಗೊತ್ತಿತ್ತು. ಅವತ್ತು ಸುಮ್ಮನಿದ್ದದ್ದು ಇವತ್ತಿಗೂ ಗಂಟಲಲ್ಲಿದೆ.

ಅಜ್ಜಿಯ ಪ್ರಶ್ನೆಗೆ ಉತ್ತರ ಬಂದದ್ದು ಫಿಲಡೆಲ್ಫಿಯಾದಿಂದ. ಹ್ಯಾಲಮ್ ಹರ್ಟ್ ಎಂಬ ನವಜಾತ ಶಿಶುವೈದ್ಯೆ 1989ರಿಂದ 1992ರ ನಡುವೆ ಹುಟ್ಟಿದ 224 ಮಕ್ಕಳನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಂಬಾಲಿಸಿದರು. ಎಲ್ಲರೂ ಬಡವರ ಮಕ್ಕಳು. ಸುಮಾರು ಅರ್ಧದಷ್ಟು ಜನರ ತಾಯಂದಿರು ಬಸುರಿನಲ್ಲಿ ಕೊಕೇನ್ ಬಳಸಿದ್ದರು, ಉಳಿದವರು ಇಲ್ಲ. ನಾಲ್ಕನೆಯ ವಯಸ್ಸಿಗೆ ಬುದ್ಧಿಮಟ್ಟ ಅಳೆದಾಗ ಒಂದು ಗುಂಪಿನ ಸರಾಸರಿ 79, ಇನ್ನೊಂದರದು 81.9. ಎರಡರ ನಡುವೆ ಹೆಚ್ಚು ಅಂತರವಿಲ್ಲ. ಆದರೆ ಎರಡೂ ಗುಂಪುಗಳು ದೇಶದ ಸರಾಸರಿಗಿಂತ ಬಹಳ ಕೆಳಗೆ. ಹರ್ಟ್ ಆಮೇಲೆ ಹೊಗೆಯನ್ನು ಬಿಟ್ಟು ಬೀದಿಯ ಕಡೆ ನೋಡಿದರು. ಏಳು ವರ್ಷದ ಹೊತ್ತಿಗೆ ಆ ಮಕ್ಕಳಲ್ಲಿ ನೂರಕ್ಕೆ 74 ಮಂದಿ ಗುಂಡಿನ ಸದ್ದು ಕೇಳಿದ್ದರು, 35 ಮಂದಿ ಯಾರಿಗೋ ಗುಂಡು ಬೀಳುವುದನ್ನು ಕಣ್ಣಾರೆ ಕಂಡಿದ್ದರು, 19 ಮಂದಿ ಹೊರಗೆ ಬಿದ್ದ ಹೆಣ ನೋಡಿದ್ದರು. ಮನೆಯಲ್ಲಿ ಆದರಿಸುವವರು, ಓದಿ ಹೇಳುವವರು ಇದ್ದ ಮಕ್ಕಳು ಎರಡೂ ಗುಂಪಿನಲ್ಲಿ ಮುಂದೆ ಬಂದಿದ್ದರು. ಕೊಕೇನ್ ಏನೂ ಮಾಡುವುದಿಲ್ಲ ಎಂದು ಇದರರ್ಥವಲ್ಲ. ಗಮನ ನಿಲ್ಲಿಸುವುದರಲ್ಲಿ, ಸಿಟ್ಟು ತಡೆಯುವುದರಲ್ಲಿ ಸಣ್ಣ ತೊಡಕುಗಳನ್ನು ಬೇರೆ ಅಧ್ಯಯನಗಳು ಗುರುತಿಸಿವೆ. ಬಸುರಿ ಕುಡಿಯುವ ಹೆಂಡ ಅದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ, ಅದಕ್ಕೆ ಯಾರೂ ಮಗುವಿಗೆ ಬೀದಿ ಹೆಸರಿಡಲಿಲ್ಲ. 2004ರಲ್ಲಿ 30ರಷ್ಟು ವೈದ್ಯರು ಸಂಶೋಧಕರು ಪತ್ರಿಕೆಗಳಿಗೆ ಬಹಿರಂಗ ಪತ್ರ ಬರೆದು, ಕ್ರ್ಯಾಕ್ ಬೇಬಿ ಎಂಬ ಪದಕ್ಕೆ ವೈದ್ಯಕೀಯ ಆಧಾರವಿಲ್ಲ, ದಯವಿಟ್ಟು ಬಳಸಬೇಡಿ ಎಂದು ಕೇಳಿಕೊಂಡರು. ಚಾಸ್ನಾಫ್ ಅವರೂ ತಮ್ಮ ಕೆಲಸವನ್ನು ಹೀಗೆ ಬಳಸಿಕೊಂಡದ್ದಕ್ಕೆ ನೊಂದುಕೊಂಡರು.

1995ರ ವಸಂತದಲ್ಲಿ ನಾನು ಆ ಆಸ್ಪತ್ರೆ ಬಿಡುವ ಮುಂಚೆ ಅಜ್ಜಿ ಬಂದಿದ್ದರು. ಆ ಹೊತ್ತಿಗೆ ಮಗಳು ಇರಲಿಲ್ಲ. ಕೊನೆಗೂ ಒಂದು ಕೇಂದ್ರದಲ್ಲಿ ಜಾಗ ಸಿಕ್ಕಿ, ಹದಿನಾಲ್ಕು ತಿಂಗಳು ಮುಟ್ಟದೆ ಇದ್ದು, ಒಂದು ಚಳಿಗಾಲ ಮತ್ತೆ ಮುಟ್ಟಿ, ಎದೆನೋವೆಂದು ಮಲಗಿದವಳು ಏಳಲಿಲ್ಲ. ಇಪ್ಪತ್ತಾರು ವರ್ಷ. ಅಜ್ಜಿ ಅದನ್ನು ಹೇಳುವಾಗ ಮೊಮ್ಮಗಳ ಜಡೆಯ ರಿಬ್ಬನ್ ಬಿಚ್ಚಿ ಮತ್ತೆ ಕಟ್ಟಿದರು. ಹುಡುಗಿಗೆ ಆರೂವರೆ ವರ್ಷ, ಒಂದನೇ ತರಗತಿ. ನನ್ನ ಮೇಜಿನ ಮೇಲಿದ್ದ ಔಷಧಿ ಡಬ್ಬಿಯ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದಳು. ತಪ್ಪಿದರೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಕಡತ ತೆಗೆದೆ. ಮೇಲೆ ನನ್ನ ಕೈಬರಹದ ಆ ಎರಡು ಪದ. ಅಜ್ಜಿಯ ಎದುರಿಗೇ ಅವುಗಳ ಮೇಲೆ ಗೆರೆ ಎಳೆದು, ದಿನ ತುಂಬದೆ ಹುಟ್ಟಿದ ಮಗು ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿದೆ. ಏನು ಬರೆದಿತ್ತು ಎಂದು ಅಜ್ಜಿ ಕೇಳಲಿಲ್ಲ. ಆಕೆಗೆ ಗೊತ್ತಿತ್ತು ಅಂತ ಕಾಣುತ್ತದೆ.

ಹೊರಡುವಾಗ ಕೈಚೀಲದಿಂದ ಆ ಹಳದಿ ಟೋಪಿ ತೆಗೆದು ತೋರಿಸಿದರು. ಹುಡುಗಿ ಅದನ್ನು ಕಿತ್ತುಕೊಂಡು ತಲೆಗೆ ಹಾಕಿ ನೋಡಿದಳು, ಹಿಡಿಸಲಿಲ್ಲ. ಮುಷ್ಟಿ ಬಿಗಿದು ಅದಕ್ಕೆ ಹಾಕಿಕೊಂಡಳು. ಸರಿಯಾಗಿ ಕೂತಿತು. ಆ ಹಳದಿ ಮುಷ್ಟಿಯಿಂದಲೇ ನನಗೆ ಕೈಬೀಸಿ, ಅಜ್ಜಿಯ ಹಿಂದೆ ಓಣಿಯ ತುದಿಯ ಲಿಫ್ಟಿನ ಕಡೆ ಓಡಿದಳು.